ತಲೆಯ ಮೇಲಿನ ಎಕ್ಕಡ

ಬೂದಿಗೆರೆ ಕಡೆಯವರಿಗೆ ಅಂಜನಮ್ಮ ಅಂದರೆ ಮೊದಲು ನೆನಪಾಗುವುದು ಅವಳ ಮಚ್ಚು, ಆಮೇಲೆ ಅವಳ ಬಾಯಿ. ಮೀನಿನ ಸರದಿ ಅವೆರಡೂ ಮುಗಿದ ಮೇಲೆ. ರಸ್ತೆ ಬದಿಯ ಹೊಂಗೆ ಮರಕ್ಕೆ ನೀಲಿ ಟಾರ್ಪಾಲು ಕಟ್ಟಿ, ಹುಣಸೆ ಕೊರಡನ್ನು ಮುಂದಿಟ್ಟುಕೊಂಡು ಅವಳು ಕೂತಳೆಂದರೆ ಹೊಸ ಅಪಾರ್ಟ್‌ಮೆಂಟಿನ ಸಾಹೇಬರೂ ಗಾರೆ ಕೆಲಸದವನೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಮೀನು ಫ್ರೆಶ್ಶಾ ಅಂತ ಯಾರಾದರೂ ಕೇಳಿದರೆ, ಇಲ್ಲಪ್ಪ, ನಮ್ಮಜ್ಜಿ ಮದುವೇದು, ನಿನಗೋಸ್ಕರ ಎತ್ತಿಟ್ಟಿದ್ದೆ ಅನ್ನುತ್ತಾಳೆ. ಕೇಳಿದವನು ಬಾಯಿ ಮುಚ್ಚಿಕೊಂಡು ಅರ್ಧ ಕೆಜಿ ಜಾಸ್ತಿಯೇ ಒಯ್ಯುತ್ತಾನೆ. ಅವಳ ಎಡಗಿವಿಯ ಹಾಲೆ ಎರಡಾಗಿ ಸೀಳಿದೆ. ಹೊಸಬರು ಅದನ್ನು ನೋಡಿ ಕಣ್ಣು ತಪ್ಪಿಸುತ್ತಾರೆ. ಅದು ಸೀಳಿದ ದಿನ ಅಲ್ಲಿ ನಿಂತು ನೋಡಿದವರು ಐವತ್ತು ಜನ, ಅಡ್ಡ ಬಂದವರು ಒಬ್ಬರೂ ಇಲ್ಲ.

ಹುಟ್ಟಿದ್ದು ಸಮೇತನಹಳ್ಳಿಯಲ್ಲಿ. ಮದುವೆಯಾಗಿ ಮೂರು ತಿಂಗಳಿಗೆ ಅಪ್ಪ ಅಮ್ಮ ಇಬ್ಬರೂ ಮೊಪೆಡ್ಡಿನಲ್ಲಿ ಸೊಪ್ಪು ಹೇರಿಕೊಂಡು ಹೊಸಕೋಟೆ ಸಂತೆಗೆ ಹೊರಟವರು ಮರಳು ಲಾರಿಯ ಕೆಳಗೆ ಹೋದರು. ಹದಿನೆಂಟರ ಅಂಜನಮ್ಮ ರಸ್ತೆಗೆ ಹೋಗಿ ನೋಡಿದಾಗ ಸೊಪ್ಪು ಯಾವುದು, ಸೀರೆ ಯಾವುದು ಗೊತ್ತಾಗುವಂತಿರಲಿಲ್ಲ. ಆರು ವರ್ಷದ ತಮ್ಮ ಬೈರೇಶ ಅವಳ ಸೆರಗಿಗೆ ಅಂಟಿಕೊಂಡಿದ್ದ. ತಿಥಿ ಮುಗಿಸಿ, ಅವನನ್ನು ಸೊಂಟಕ್ಕೆ ಏರಿಸಿಕೊಂಡು ಬೂದಿಗೆರೆಯ ಗಂಡನ ಮನೆಗೆ ಬಂದುಬಿಟ್ಟಳು. ಮಕ್ಕಳಾಗುವ ಮೊದಲೇ ಅವಳಿಗೊಬ್ಬ ಮಗ ಆದ ಹಾಗಾಯಿತು. ಮುಂದೆ ಹೆರಿಗೆಯ ಭಾಗ್ಯ ಬರಲೇ ಇಲ್ಲ.

ಗಂಡ ಮುನಿಕೃಷ್ಣ ಕೆರೆ ಮೀನು ಹಿಡಿದು ಮಾರುತ್ತಿದ್ದ. ಮಚ್ಚು ಹಿಡಿಯುವುದು, ಕಿವಿರು ತೆಗೆಯುವುದು, ಕಹಿ ಚೀಲ ಒಡೆಯದ ಹಾಗೆ ಹೊಟ್ಟೆ ಸೀಳುವುದು, ಎಲ್ಲ ಕಲಿಸಿದವನು ಅವನೇ. ಹೊಡೆಯುವುದನ್ನೂ ಅಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದ. ಅವಳ ಮೇಲಿನ ಏಟುಗಳನ್ನು ಅವಳು ನುಂಗಿಕೊಂಡಳು. ಒಂದು ಮಧ್ಯಾಹ್ನ ಬಲೆಯ ಹಗ್ಗ ಒದ್ದೆ ಮಾಡಿ ಬೈರೇಶನಿಗೆ ಬಾರಿಸಿದ. ಹುಡುಗನ ಬೆನ್ನ ಮೇಲೆ ಬಾಸುಂಡೆ ಎದ್ದದ್ದನ್ನು ಕಂಡವಳೇ ಅಂಜನಮ್ಮ ಮಚ್ಚು ಬೀಸಿದಳು. ಅದು ಮುನಿಕೃಷ್ಣನ ಕಿವಿಯ ಪಕ್ಕ, ಬಾಗಿಲ ಚೌಕಟ್ಟಿನಲ್ಲಿ ನಾಲ್ಕು ಬೆರಳು ಇಳಿಯಿತು. ಅವನು ಅದೇ ವಾರ ಹೊಸೂರಿನ ಕಡೆ ಹೋದ. ಅಲ್ಲೇ ಇನ್ನೊಂದು ಮನೆ ಮಾಡಿದ ಅಂತ ಸುದ್ದಿ ಬಂತು. ಪೀಡೆ ತೊಲಗಿತು ಅಂದಳು ಅಂಜನಮ್ಮ.

ಅಷ್ಟು ಕಷ್ಟಪಟ್ಟು ಸಾಕಿದ ಬೈರೇಶ ಇಪ್ಪತ್ತೆರಡಕ್ಕೆ ಹೋಗಿ ಸೇರಿದ್ದು ಆದಿನಾರಾಯಣಪ್ಪನ ಹಿಂದೆ. ಏರ್‌ಪೋರ್ಟ್ ಬಂದ ಮೇಲೆ ಸುತ್ತಲಿನ ಜಮೀನಿಗೆಲ್ಲ ಚಿನ್ನದ ಬೆಲೆ ಬಂತಲ್ಲ, ಆಗ ಮೇಲೆದ್ದ ಮನುಷ್ಯ ಈತ. ಮಾತಿಗೆ ಬಗ್ಗದವರನ್ನು ಕೈಕಾಲು ಮುರಿಸಿ ಬಗ್ಗಿಸುವುದು ಅವನ ವಿದ್ಯೆ. ಬೈರೇಶನ ಕೆಲಸ ಏನು ಅಂತ ಕೇಳಿದರೆ ಹೇಳುವುದು ಕಷ್ಟ. ಕಾರಿನ ಬಾಗಿಲು ತೆಗೆಯುತ್ತಿದ್ದ. ಬಿಸಿಲಿಗೆ ಕೊಡೆ ಹಿಡಿಯುತ್ತಿದ್ದ. ಆದಿನಾರಾಯಣಪ್ಪ ಅವನಿಗೆ ಅಣ್ಣ; ಅಣ್ಣ ಉಂಡು ಎದ್ದ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದ. ಎತ್ತು ಈಯಿತು ಅಂತ ಅಣ್ಣ ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರಲ್ಲಿ ಇವನೇ ಮೊದಲಿಗ. ಹೊಡಿ ಅಂದರೆ ಹೊಡೆಯುತ್ತಿದ್ದ. ನಲ್ಲೂರಿನ ಹತ್ತಿರ ದೊಡ್ಡಬೀರಪ್ಪ ಎಂಬ ಮುದುಕ ಎರಡು ಎಕರೆಗೆ ಸಹಿ ಹಾಕಲೊಲ್ಲೆ ಅಂದಾಗ, ಗುದ್ದಲಿ ಕಾವಿನಿಂದ ಅವನ ಮೊಣಕಾಲು ಪುಡಿ ಮಾಡಿದ್ದು ಬೈರೇಶನೇ.

ಆ ಸಂಜೆ ಅವನ ಅಂಗಿ ಒಗೆದವಳು ಅಂಜನಮ್ಮ. ರಕ್ತದ ಕಲೆ ತಣ್ಣೀರಿಗೆ ಹೋಗುತ್ತದೆ ಅಂತ ಮೀನಿನವಳಿಗೆ ಹೇಳಿಕೊಡಬೇಕಾಗಿಲ್ಲ. ಒಗೆಯುತ್ತಲೇ ಇದು ಯಾರದು ಅಂತ ಕೇಳಿದಳು. ಅವನು ಹೇಳಿದ. ಒದ್ದೆ ಅಂಗಿಯಲ್ಲೇ ಅವನ ಮುಖಕ್ಕೆ ನಾಲ್ಕು ಬಾರಿಸಿದಳು. ಅವನು ನಗುತ್ತಾ ನಿಂತಿದ್ದ. ಬಿಟ್ಟು ಬಾ, ನನ್ನ ಪಕ್ಕ ಕೂತು ತಕ್ಕಡಿ ಹಿಡಿ, ಗಂಜಿಗೇನೂ ಕಮ್ಮಿಯಿಲ್ಲ ಅಂತ ಕೈ ಮುಗಿದಳು.

"ಅಣ್ಣನ್ನ ಬಿಟ್ರೆ ನಾನು ಯಾರಕ್ಕಾ? ಬರೀ ಬೈರೇಶ. ಯಾವ ನಾಯೀನೂ ಮೂಸಿ ನೋಡಲ್ಲ" ಅಂದ.

ಅವಳಿಗೆ ಆಮೇಲೆ ಬೇಕಾದದ್ದು ಒಂದೇ. ಒಡವೆ ಬೇಡ, ಮನೆ ಬೇಡ, ತಮ್ಮ ಆ ಮನುಷ್ಯನನ್ನು ಬಿಟ್ಟು ಆಚೆ ಬರಬೇಕು. ಹರಕೆ ಹೊತ್ತಳು, ಹೆಣ್ಣು ನೋಡಿದಳು, ಮೂರು ದಿನ ಉಪವಾಸ ಕೂತಳು. ಎಳೆದಷ್ಟೂ ಅವನು ಬಿಗಿಯಾದ.

ಎರಡು ವರ್ಷದ ಹಿಂದೆ, ಯುಗಾದಿಯ ಮಾರನೆಯ ಬೆಳಿಗ್ಗೆ. ಹೊಸತೊಡಕು. ಹೋಳಿಗೆ ತಿಂದ ಬಾಯಿ ಬಾಡೂಟಕ್ಕೆ ಹಾತೊರೆಯುವ ದಿನ. ಆವತ್ತು ಏನು ಉಂಡರೂ ಏನು ಪಟ್ಟರೂ ವರ್ಷವಿಡೀ ಅದೇ ಆಗುತ್ತದೆ ಅಂತ ಈ ಸೀಮೆಯಲ್ಲಿ ಗಟ್ಟಿ ನಂಬಿಕೆ. ಮಲ್ಪೆ ಕಡೆಯಿಂದ ಮೀನು ತರುವ ಡ್ರೈವರ್ ಮೂರ್ತಿ ವ್ಯಾನು ನಿಲ್ಲಿಸಿ ಐಸಿನ ಡಬ್ಬ ಇಳಿಸಿದ. ಮೇಲೆ ಎಳೆಯ ಶಾರ್ಕುಗಳು. ಅವುಗಳ ಅಡಿಯಲ್ಲಿ ಮೊಣಕೈ ಉದ್ದದ ಮೂರು ಕಪ್ಪು ಮೀನು. ಒಂದನ್ನು ಎತ್ತಿ ನೋಡಿದ ಅಂಜನಮ್ಮನ ರಕ್ತ ಕುದಿಯಿತು. ಮೀನಿನ ನೆತ್ತಿಯ ಮೇಲೆ ಅಚ್ಚೊತ್ತಿದ ಹಾಗೆ ಚಪ್ಪಲಿಯ ಅಟ್ಟೆ. ಉದ್ದನೆಯ ಗುಂಡು ಆಕಾರ, ಅಂಚು, ಒಳಗೆ ಸಾಲುಸಾಲು ಅಡ್ಡಗೆರೆ. ತಿನ್ನುವ ಪದಾರ್ಥವನ್ನು ಎಕ್ಕಡ ಮೆಟ್ಟಿಕೊಂಡು ತುಳಿದಿದ್ದೀರಲ್ಲ, ನಿಮ್ಮ ವಂಶ ನಿರ್ವಂಶವಾಗ ಅಂತ ಮೂರ್ತಿಯ ಮೇಲೆ ಹಾರಿಬಿದ್ದಳು.

ಮೂರ್ತಿ ಬಿದ್ದುಬಿದ್ದು ನಕ್ಕ. ಅದು ಯಾರೂ ತುಳಿದದ್ದಲ್ಲ, ಹುಟ್ಟಾ ಬಂದದ್ದು ಅಂದ. ಈ ಮೀನು ಆ ಅಟ್ಟೆಯನ್ನು ಶಾರ್ಕಿನ ಹೊಟ್ಟೆಗೆ ಒತ್ತಿ ಅಂಟಿಕೊಂಡುಬಿಡುತ್ತದಂತೆ. ದೊಡ್ಡದು ಹೋದಲ್ಲಿ ಹೋಗುತ್ತದೆ, ದೊಡ್ಡದು ಹರಿದು ತಿನ್ನುವಾಗ ಚೆಲ್ಲಿದ್ದನ್ನು ತಿನ್ನುತ್ತದೆ. ಶಾರ್ಕನ್ನು ಬಲೆಯಲ್ಲಿ ಎಳೆದರೂ ಎಷ್ಟೋ ಸಲ ಬಿಡದೆ ಅದರ ಜೊತೆಯೇ ದೋಣಿಗೆ ಬಂದು ಸಾಯುತ್ತದೆ.

"ಬಾಲ ಹಿಡಿದು ಹಿಂದಕ್ಕೆ ಎಳೆದ್ರೆ ಇನ್ನೂ ಬಿಗಿ ಹಿಡಿಯುತ್ತೆ ಅಂಜನಮ್ಮ. ಮುಟ್ಟಿ ನೋಡಿ, ಹಲ್ಲಿದೆ" ಅಂದ.

ಅವಳು ಹೆಬ್ಬೆರಳು ಆಡಿಸಿದಳು. ಒಂದು ಕಡೆಯಿಂದ ನುಣುಪು. ತಿರುಗಿಸಿ ಸವರಿದರೆ ಸಣ್ಣ ಮುಳ್ಳುಗಳು ಚರ್ಮ ಕಚ್ಚಿದವು. ತುಳಿದ ಗುರುತಾದರೆ ತಗ್ಗಾಗಿರಬೇಕಿತ್ತು, ಇದು ಉಬ್ಬಿಕೊಂಡಿತ್ತು. ನಮ್ಮ ಬೈರೇಶನ ಜಾತಿಯದು ಅಂದುಕೊಂಡಳು.

ಹೊಟ್ಟೆಪಾಡು ಬೇರೆ. ಅಟ್ಟೆ ಕಂಡರೆ ಗಿರಾಕಿ ಓಡುತ್ತಾನೆ ಅಂತ ಒಂದರ ತಲೆ ತುಂಡು ಮಾಡಿ, ಸಮುದ್ರದ ಕೊರಮೀನು ಅಂತ ಹೆಸರಿಟ್ಟು ಮಾರಿದಳು. ಆ ಸುಳ್ಳಿಗೆ ಅವಳಿಗೆ ನಾಚಿಕೆಯೇನೂ ಆಗಲಿಲ್ಲ. ಎರಡನೆಯದಕ್ಕೆ ಮಚ್ಚು ಎತ್ತಿದ್ದಾಗ ಬೈರೇಶ ಬಂದ. ಅಣ್ಣನ ಮನೆಯಲ್ಲಿ ಮೂವತ್ತು ಜನಕ್ಕೆ ಊಟ, ಮಟನ್ ಇದ್ದೇ ಇದೆ, ಅಣ್ಣನ ಎಲೆಗೆ ಮಾತ್ರ ದೊಡ್ಡ ಮೀನಿನ ಇಡೀ ತಲೆ ಬೇಕು ಅಂದ. ತಲೆ ಬೇಡ ಕಣೋ ಅಂತ ಅವಳು ಎರಡು ಸಲ ಹೇಳಿದಳು. ಅವನು ಕೇಳಲಿಲ್ಲ. ಕೊನೆಗೆ ಮೂರ್ತಿ ಹೇಳಿದ್ದನ್ನೆಲ್ಲ ಅವನಿಗೆ ಹೇಳಿ, ಅವನ ಬೆರಳು ಹಿಡಿದು ಆ ಅಟ್ಟೆಯ ಮೇಲೆ ಸವರಿಸಿ, ಬಡಿಸುವ ಮೊದಲೇ ಅವರಿಗೆ ಇದನ್ನು ತಿಳಿಸು ಅಂದಳು. ಬೈರೇಶನೂ ನಕ್ಕ. ಭಲೇ ಮೀನು ಕಣಕ್ಕಾ ಅಂತ ಹೆಗಲ ಮೇಲೆ ಹಾಕಿಕೊಂಡು ಹೋದ.

ಅಲ್ಲಿ ನಡೆದದ್ದನ್ನು ಆ ಮನೆಯ ಅಡುಗೆಯ ವರಲಕ್ಷ್ಮಮ್ಮ ಆಮೇಲೆ ಹೇಳಿದಳು. ಆದಿನಾರಾಯಣಪ್ಪನ ಎಲೆಗೆ ತಲೆ ಬಿತ್ತು. ಅವನು ಸಾರು ಸರಿಸಿ ನೋಡಿದ. ಪಕ್ಕದಲ್ಲಿ ಕೂತ ನೆಂಟ, ಇದೇನು ಭಾವ, ಯಾರೋ ಎಕ್ಕಡದಲ್ಲಿ ತುಳಿದು ಕಳಿಸಿದ್ದಾರೆ ಅಂದ. ಪಂಕ್ತಿಗೆ ಪಂಕ್ತಿಯೇ ಉಣ್ಣುವುದನ್ನು ನಿಲ್ಲಿಸಿತು. ಹೊಸತೊಡಕಿನ ದಿನ, ಮೂವತ್ತು ಜನರ ಎದುರು, ಯಜಮಾನನ ಎಲೆಯಲ್ಲಿ ಎಕ್ಕಡ. ವರ್ಷವಿಡೀ ಬೀಳುವ ಮೆಟ್ಟಿನೇಟಿಗೆ ಮುನ್ಸೂಚನೆ ಅಂತ ಒಬ್ಬ ಅಂದ. ಮಾಟ ಅಂತ ಇನ್ನೊಬ್ಬ ಅಂದ. ಮೀನು ತಂದವನು ಯಾರು ಅಂತ ಕೇಳಿ, ಆದಿನಾರಾಯಣಪ್ಪ ಎಂಜಲು ಕೈಯಲ್ಲೇ ಬೈರೇಶನ ಕೆನ್ನೆಗೆ ಹೊಡೆದ. ಸಾರಿನ ಖಾರ ಕಣ್ಣಿಗೆ ಹೋಯಿತು. ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೈರೇಶ ಕಣ್ಣು ಒರೆಸಿಕೊಂಡು ಸುಮ್ಮನೆ ನಿಂತ. ಅಣ್ಣ ಎಕ್ಕಡ ಅಂದ ಮೇಲೆ ಅದು ಎಕ್ಕಡವೇ.

ಬಿದ್ದ ಎಕ್ಕಡವನ್ನು ಹೊತ್ತು ಮುಳುಗುವ ಮೊದಲೇ ಕಳಿಸಿದವರ ತಲೆಗೆ ವಾಪಸು ಹಾಕಬೇಕು, ಇಲ್ಲವಾದರೆ ವರ್ಷವೆಲ್ಲ ನಿಮಗೇ ಅಂತ ಆ ನೆಂಟನೇ ಶಾಸ್ತ್ರ ಹೇಳಿದನಂತೆ. ಅವನ ಬಾಯಿಗೆ ಮಣ್ಣು ಬೀಳಲಿ.

ಮೂರು ಗಂಟೆಗೆ ಬಿಳಿ ಕಾರು ಬಂದು ಟಾರ್ಪಾಲಿನ ಹಗ್ಗಕ್ಕೆ ಗುದ್ದಿ ನಿಂತಿತು. ಇಳಿದವರು ನಾಲ್ವರು. ಮೊದಲು ಡಬ್ಬಗಳು ಹಾರಿದವು. ಐಸು, ಮೀನು, ಕರುಳು ಎಲ್ಲ ರಸ್ತೆಗೆ ಚೆಲ್ಲಿತು. ಒಬ್ಬ ತಕ್ಕಡಿಯನ್ನು ಮರಕ್ಕೆ ಬಡಿದು ಮುರಿದ. ಗಿರಾಕಿಗಳು ಆಚೆ ಬದಿಗೆ ಓಡಿ, ಅಲ್ಲಿಂದ ಫೋನ್ ಎತ್ತಿ ಹಿಡಿದು ವೀಡಿಯೊ ಮಾಡಲು ಶುರು ಮಾಡಿದರು. ಅಂಜನಮ್ಮ ಏನು ಎತ್ತ ಅಂತ ಕೇಳುವಷ್ಟರಲ್ಲಿ ಒಬ್ಬ ಅವಳ ಜುಟ್ಟು ಹಿಡಿದು ಎಳೆದ. ಅವಳು ಅವನ ಮೊಣಕೈ ಕಚ್ಚಿ ಬಿಡಿಸಿಕೊಂಡಳು. ಬಾಯಲ್ಲಿ ಅವನ ರಕ್ತ ಬಂತು, ಉಗಿದಳು. ಕಾರಿನ ಪಕ್ಕ ಬೈರೇಶ ನಿಂತಿದ್ದ. ಅವನ ಕೆನ್ನೆಯಲ್ಲಿ ಐದು ಬೆರಳು ಎದ್ದಿದ್ದವು.

ಆದಿನಾರಾಯಣಪ್ಪ ನಿಧಾನವಾಗಿ ಇಳಿದ. ಬಲಗಾಲಿನ ಎಕ್ಕಡ ಬಿಚ್ಚಿ ಬೈರೇಶನ ಕೈಗೆ ಕೊಟ್ಟ.

"ನಿಮ್ಮಕ್ಕ ನನ್ನ ತಲೆ ಮೇಲೆ ಇಟ್ಟಿದ್ದನ್ನ ವಾಪಸ್ ಕೊಡು" ಅಂದ.

ಆಗ ಅವಳಿಗೆ ಅರ್ಥವಾಯಿತು. ಅರ್ಥವಾದದ್ದೇ ಒಂದು ಥರ ಧೈರ್ಯ ಬಂತು, ಯಾಕೆಂದರೆ ಸತ್ಯ ಅವಳ ಕಡೆಗಿತ್ತು. ಪಾಪ, ಸತ್ಯಕ್ಕೆ ಅಷ್ಟು ಬಲ ಇದೆ ಅಂತ ಆ ವಯಸ್ಸಿನಲ್ಲೂ ನಂಬಿದ್ದಳು. ಐಸಿನ ನಡುವೆ ತಡಕಾಡಿ ಮೂರನೆಯ ಮೀನನ್ನು ಹುಡುಕಿದಳು. ಸೆರಗಿನಿಂದ ಒರೆಸಿ, ಎರಡು ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು.

"ಇಲ್ಲಿ ನೋಡಿ ಯಜಮಾನ್ರೇ, ಇದಕ್ಕೂ ಐತೆ. ತುಳಿದಿದ್ದಲ್ಲ, ಹುಟ್ಟಿದ್ದು. ಮುಟ್ಟಿ ನೋಡಿ."

ಅವನು ಮುಟ್ಟಿದ. ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಸವರಿದ. ಮುಳ್ಳು ಬೆರಳಿಗೆ ಕಚ್ಚಿ ಕೈ ಎಳೆದುಕೊಂಡ. ಅವನಿಗೆ ಗೊತ್ತಾಯಿತು ಅಂತ ಅವನ ಕಣ್ಣಿನಲ್ಲೇ ಕಂಡಿತು. ಇಷ್ಟೆಯಾ ಅಂದು ಕಾರು ಹತ್ತಿ ಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೀನಿಗೆ ಹೆದರಿ ನಾಲ್ಕು ಜನರನ್ನು ಕರೆದುಕೊಂಡು ಬಂದವ್ನೆ ಅನ್ನುವ ನಗು ಅದು. ಆದಿನಾರಾಯಣಪ್ಪನ ಮುಖ ಕಪ್ಪಿಟ್ಟಿತು.

ಅಂಜನಮ್ಮ ತಮ್ಮನ ಕಡೆ ತಿರುಗಿದಳು.

"ನಿಂಗೆ ಹೇಳಿರ್ಲಿಲ್ವೇನೋ ಬೈರೇಶಾ? ನಿನ್ನ ಬೆರಳು ಹಿಡಿದು ಮುಟ್ಟಿಸಿರ್ಲಿಲ್ವಾ? ಹೇಳೋ."

ಬೈರೇಶ ಅಕ್ಕನನ್ನು ನೋಡಲಿಲ್ಲ. ಅಣ್ಣನ ಮುಖ ನೋಡಿದ.

"ನಂಗೇನೂ ಹೇಳಿರ್ಲಿಲ್ಲ" ಅಂದ.

ಬೈರೇಶ ಬೀಸಿದ ಮೊದಲನೆಯ ಏಟು ಅವಳ ಎಡಗೆನ್ನೆಗೆ ಬಿತ್ತು. ಕೈಯಲ್ಲಿದ್ದ ಮೀನು ಬಿತ್ತು. ಇನ್ನೊಂದು ಅಂದ ಆದಿನಾರಾಯಣಪ್ಪ. ಎರಡನೆಯದು ಕಿವಿಗೆ ಬಿತ್ತು. ಓಲೆ ಎಕ್ಕಡದ ಪಟ್ಟಿಗೆ ಸಿಕ್ಕಿ, ಹಾಲೆಯನ್ನು ಹರಿದುಕೊಂಡು ಹಾರಿತು. ರಕ್ತ ಕತ್ತಿನಿಂದ ರವಿಕೆಯೊಳಗೆ ಇಳಿಯಿತು. ನೋವು ಆಗಲೇ ಗೊತ್ತಾಗಲಿಲ್ಲ ಅಂತ ಅವಳು ಹೇಳುತ್ತಾಳೆ. ಆರು ವರ್ಷದವನನ್ನು ಹೊತ್ತು ತಂದ ಸೊಂಟ, ಅನ್ನ ಕಲಸಿ ಹಾಕಿದ ಕೈ, ಎಲ್ಲ ಒಂದೇ ಸಲ ಉರಿಯಿತಂತೆ.

ಮೂರನೆಯದಕ್ಕೆ ಎತ್ತಿದ ಕೈಯನ್ನು ಅವಳು ಗಾಳಿಯಲ್ಲೇ ಹಿಡಿದಳು. ಮೂವತ್ತು ವರ್ಷ ಮೂಳೆ ಕಡಿದ ಕೈ ಅದು. ಎಳೆದು ಕೊರಡಿನ ಮೇಲೆ ಒತ್ತಿ, ಮೊಣಕಾಲು ಊರಿ, ಇನ್ನೊಂದು ಕೈಯಲ್ಲಿ ಮಚ್ಚು ತೆಗೆದುಕೊಂಡಳು. ಹತ್ತಿರ ಬಂದ ಇಬ್ಬರ ಕಡೆ ಒಮ್ಮೆ ಬೀಸಿದಳು. ಒಬ್ಬನ ಅಂಗಿಯ ತೋಳು ಸೀಳಿತು. ಇಬ್ಬರೂ ಹಿಂದೆ ಸರಿದರು. ಬೈರೇಶ ಕೊಸರಿಕೊಳ್ಳಬಹುದಿತ್ತು, ಎತ್ತಿನಂಥ ಮೈ ಅವನದು. ಕೊಸರಲಿಲ್ಲ. ಕೊರಡಿನ ಮೇಲೆ ಕೈ ಇಟ್ಟುಕೊಂಡೇ ಕತ್ತು ತಿರುಗಿಸಿ ಅಣ್ಣ ಏನನ್ನುತ್ತಾನೆ ಅಂತ ನೋಡುತ್ತಿದ್ದ.

ಅಣ್ಣ ಮಚ್ಚು ನೋಡಿದ, ಎದುರು ಬದಿಯ ಫೋನುಗಳನ್ನು ನೋಡಿದ. ಒಂದು ಕಾಲಿನಲ್ಲಿ ಎಕ್ಕಡ, ಇನ್ನೊಂದು ಬರಿಗಾಲು, ಐಸಿನ ಮೇಲೆ ಕುಂಟಿಕೊಂಡು ಹೋಗಿ ಕಾರು ಹತ್ತಿದ. ಉಳಿದ ಮೂವರೂ ಹತ್ತಿದರು. ಕಾರು ದೇವನಹಳ್ಳಿ ಕಡೆ ಹೊರಟುಹೋಯಿತು.

"ಹೋದ ನೋಡು ನಿಮ್ಮಣ್ಣ" ಅಂದಳು ಅಂಜನಮ್ಮ. "ಬಿಡು ಅದನ್ನ. ಮನೆಗೆ ಹೋಗೋಣ ಬಾ."

ಅವನು ಎಕ್ಕಡ ಬಿಡಲಿಲ್ಲ. ಬಿಡೋ ಅಂದಳು. ಅವನ ಬೆರಳುಗಳು ಇನ್ನೂ ಬಿಗಿಯಾದವು. ಬಿಡೋ ನನ್ನಪ್ಪಾ ಅಂದಳು. ಅವನು ಕಾರು ಹೋದ ದಾರಿಯನ್ನೇ ನೋಡುತ್ತಿದ್ದ. ಮಚ್ಚು ಇಳಿಯಿತು.

ಗುರಿ ಎಕ್ಕಡಕ್ಕೇ ಇತ್ತು ಅಂತ ಅವಳು ಇವತ್ತಿಗೂ ಹೇಳುತ್ತಾಳೆ. ಮೂವತ್ತು ವರ್ಷ ಮಚ್ಚು ಹಿಡಿದವಳ ಗುರಿ ಬೆರಳಗಲ ತಪ್ಪುತ್ತದೆಯೇ ಅಂತ ಊರು ಕೇಳುತ್ತದೆ. ನನ್ನನ್ನು ಕೇಳಿದರೆ, ಆ ಕ್ಷಣದಲ್ಲಿ ಅವಳಿಗೇ ಗೊತ್ತಿರಲಿಲ್ಲ. ಎಕ್ಕಡ ಎರಡು ಹೋಳಾಯಿತು. ಅದರ ಜೊತೆ ಬೈರೇಶನ ತೋರುಬೆರಳು ನಡುಗಿಣ್ಣಿನಿಂದ ಹೋಯಿತು. ಅವನು ಕೂಗಿದ್ದು ಆಗ.

ಬೆರಳನ್ನು ಹುಡುಕಿದವಳೂ ಅವಳೇ. ಮೀನಿನ ಕರುಳಿನ ನಡುವಿನಿಂದ ಎತ್ತಿ, ತೊಳೆದು, ಕವರಿಗೆ ಹಾಕಿ, ಐಸಿನ ಡಬ್ಬದಲ್ಲಿಟ್ಟಳು. ಸೆರಗು ಹರಿದು ಅವನ ಕೈಗೆ ಸುತ್ತಿ, ಆಟೋದಲ್ಲಿ ಅವನನ್ನು ತನ್ನ ಮೈಗೆ ಒರಗಿಸಿಕೊಂಡು ಹೊಸಕೋಟೆಯ ಆಸ್ಪತ್ರೆಗೆ ಬಂದಳು. ಅವನ ರಕ್ತ, ಅವಳ ರಕ್ತ, ಮೀನಿನ ರಕ್ತ, ಎಲ್ಲ ಆಟೋದ ಸೀಟಿನ ಮೇಲೆ. ಮೂಳೆ ಜಜ್ಜಿಹೋಗಿದೆ, ಇದನ್ನು ಮತ್ತೆ ಅಂಟಿಸಲಾಗುವುದಿಲ್ಲ ಅಂದರು ಡಾಕ್ಟರು. ಹೇಗಾಯಿತು ಅಂತ ಕೇಳಿದ್ದಕ್ಕೆ ಬೈರೇಶನೇ, ಮೀನು ಕಡಿಯುವಾಗ ಅಂದ. ಅವಳಿಗೆ ಎದೆ ತುಂಬಿ ಬಂತು. ನನ್ನನ್ನು ಬಿಟ್ಟುಕೊಡಲಿಲ್ಲ, ಇನ್ನು ನನ್ನವನು ಅಂದುಕೊಂಡಳು. ಹೊಲಿಸಿಕೊಳ್ಳದೆ ಬಟ್ಟೆ ಒತ್ತಿಕೊಂಡಿದ್ದ ಕಿವಿಯನ್ನು ಮರೆತು, ನಾಳೆಯಿಂದ ಅವನಿಗೆ ಕೂರಲು ಒಂದು ಸ್ಟೂಲು ತರಬೇಕು ಅಂತ ಯೋಚಿಸಿದಳು.

ಬಲಗೈಗೆ ಬ್ಯಾಂಡೇಜು, ಎಡಗೈಗೆ ಡ್ರಿಪ್ಪು.

"ಅಕ್ಕಾ, ಜೇಬಲ್ಲಿ ಫೋನೈತೆ. ಅಣ್ಣಂಗೊಂದು ಕಾಲ್ ಹಾಕ್ಕೊಡು" ಅಂದ.

ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಫೋನ್ ತೆಗೆದು ನೆಲಕ್ಕೆ ಅಪ್ಪಳಿಸಬೇಕು ಅನ್ನಿಸಿತು. ಒಂದು ಸಲ ಆ ಮನುಷ್ಯ ಎತ್ತದಿದ್ದರೆ ಇವನಿಗೇ ಬುದ್ಧಿ ಬಂದೀತು ಅಂದುಕೊಂಡು, ನಂಬರು ಒತ್ತಿ ಅವನ ಕಿವಿಗೆ ಹಿಡಿದಳು. ಎತ್ತಲಿಲ್ಲ. ಇನ್ನೊಂದ್ಸಲ ಅಂದ. ಎತ್ತಲಿಲ್ಲ. ಮತ್ತೊಂದು ಸಲ ಹಿಡಿದಳು, ಆಗಲೂ ಎತ್ತಲಿಲ್ಲ. ನಾಲ್ಕನೆಯ ಸಲಕ್ಕೆ ಆಚೆಯಿಂದ ದನಿ ಬಂತು.

ಹೂಂ ಅಣ್ಣ ಅಂದ. ತಪ್ಪಾಯ್ತಣ್ಣ ಅಂದ. ಎಕ್ಕಡ ಹಾಳಾಯ್ತಣ್ಣ, ಅಂಥದ್ದೇ ಹೊಸಾದು ತಂದ್ಕೊಡ್ತೀನಿ ಅಂದ. ಆಮೇಲೆ ಆಚೆಯವನು ಏನೋ ಹೇಳಿದ. ನೋವಿನಿಂದ ಬಿಳಿಚಿಕೊಂಡಿದ್ದ ಬೈರೇಶನ ಮುಖ ಅರಳಿತು.

"ನಾಳೆ ಬಾ ಅಂದ್ರು ಕಣಕ್ಕಾ."

ಗಂಡ ಹೊಡೆದಾಗ ಅಂಜನಮ್ಮ ಅತ್ತವಳಲ್ಲ. ಕಿವಿ ಹರಿದಾಗಲೂ ಅತ್ತಿರಲಿಲ್ಲ. ಫೋನು ಅವಳ ಕೈಯಿಂದ ಜಾರಿ ಕೆಳಗೆ ಬಿತ್ತು. ಮಂಚದ ಕಂಬಿ ಹಿಡಿದು, ವಾರ್ಡಿನ ಜನವೆಲ್ಲ ಎದ್ದು ಕೂರುವ ಹಾಗೆ ಗೋಳೋ ಅಂತ ಅತ್ತಳು. ನರ್ಸಮ್ಮ ಓಡಿ ಬಂದಳು. ಯಾರಮ್ಮ ಹೋದೋರು ಅಂತ ಗಾಬರಿಯಿಂದ ಕೇಳಿದಳು.

"ನನ್ನ ತಮ್ಮ" ಅಂದಳು ಅಂಜನಮ್ಮ.

ಮಂಚದ ಮೇಲಿಂದ ಬೈರೇಶ, ಸಿಸ್ಟರ್, ಕೆಳಗೆ ನನ್ನ ಫೋನ್ ಬಿದ್ದೈತೆ, ಸ್ವಲ್ಪ ಎತ್ಕೊಡಿ ಅನ್ನುತ್ತಿದ್ದ.